ಕೆರೆ ಉದ್ಯಾನದ ಒಂದೂವರೆ ಅಡಿ ದಾರಿ

ನಮ್ಮೂರ ಕೆರೆ ಉದ್ಯಾನದ ಉಸ್ತುವಾರಿ ಹೊತ್ತು ಹಾವೇರಿಯ ಕಚೇರಿಯಲ್ಲಿ ಕೂತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ನಿಮ್ಮ ಗೇಟಿನೊಳಗೆ ಹಿಡಿಸುತ್ತಿಲ್ಲ. ಇದು ನನ್ನ ದೂರು. ಅವಳ ಗಾಲಿಕುರ್ಚಿಯ ಅಗಲ ಇಪ್ಪತ್ತೈದು ಅಂಗುಲ. ಉದ್ಯಾನದ ಬಾಗಿಲಲ್ಲಿ ನೆಟ್ಟಿರುವ ಎರಡು ಕಬ್ಬಿಣದ ಕಂಬಿಗಳ ನಡುವಿನ ಸಂದಿ ಹದಿನೆಂಟು ಅಂಗುಲ, ಅಂದರೆ ಒಂದೂವರೆ ಅಡಿ. ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನುಸುಳುವವರಿಗೆ ಅಷ್ಟು ಸಾಕು. ಕೂತವರಿಗೆ ಸಾಲದು. ಉದ್ಯಾನಕ್ಕೆ ಬೇರೆ ಬಾಗಿಲಿಲ್ಲ. ಈ ಏಳು ಅಂಗುಲದ ಕೊರತೆಯನ್ನು ಸರಿಪಡಿಸಿ ಎಂದು ಎರಡು ತಿಂಗಳಿಂದ ನಿಮ್ಮ ಕಚೇರಿಗೆ ಹೇಳುತ್ತಿದ್ದೇನೆ. ಫೋನಿನಲ್ಲಿ ಹೇಳಿದೆ, ಕಾಗದದಲ್ಲಿ ಹೇಳಿದೆ, ನಿಮ್ಮ ಮೇಜಿನ ಮುಂದೆ ನಿಂತು ಹೇಳಿದೆ. ಇನ್ನು ಊರಿನ ಮುಂದೆ ಹೇಳುವುದೊಂದು ಉಳಿದಿತ್ತು, ಅದನ್ನೂ ಮಾಡುತ್ತಿದ್ದೇನೆ.

ನಾನು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ಮೂವತ್ತು ವರ್ಷ ಆ ಘಾಟಿನಲ್ಲೇ ಕೂತು ಹರಾಜು ಕೂಗಿದ್ದೇನೆ. ದನಿ ಜೋರು, ಸಿಟ್ಟು ಅದಕ್ಕಿಂತ ಜೋರು. ಪತ್ರದಲ್ಲಿ ಎಲ್ಲಾದರೂ ಮರ್ಯಾದೆ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಾಕಿಕೊಳ್ಳದಿದ್ದರೂ ನಡೆಯುತ್ತದೆ.

ನನ್ನ ಹೆಂಡತಿ ಶೈಲಾ ಇಪ್ಪತ್ತನಾಲ್ಕು ವರ್ಷ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಪ್ರತಿ ಚಳಿಗಾಲ ನಾಲ್ಕನೇ ಇಯತ್ತೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಕೆರೆಯ ದಂಡೆಗೆ ಹೋಗುತ್ತಿದ್ದಳು. ಆಗ ಅಲ್ಲಿ ಉದ್ಯಾನವೂ ಇರಲಿಲ್ಲ, ಗೇಟೂ ಇರಲಿಲ್ಲ, ಜಾಲಿ ಕಂಟಿ ಇದ್ದವು. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದು ಇಳಿಯುವುದನ್ನು ಮಕ್ಕಳಿಗೆ ತೋರಿಸುತ್ತಿದ್ದಳು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅವಳ ಹತ್ತಿರ ಒಂದು ನೋಟ್‌ಬುಕ್ಕಿದೆ. ಯಾವ ದಿನ ಬಂದವು, ಎಷ್ಟು ಬಂದವು, ಯಾವ ದಿನ ಹೋದವು. ಹದಿನಾಲ್ಕು ವರ್ಷ ತಪ್ಪದೆ ಬರೆದಿದ್ದಾಳೆ. ಅದರಿಂದ ಯಾರಿಗೇನು ಲಾಭ ಎಂದು ನಾನೇ ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ. "ನಿಮ್ಮ ಪೇಟಿಗೆ ಎಷ್ಟು ಚೀಲ ಬಂದ್ವು ಅಂತ ದಿನಾ ಪೇಪರಿನ್ಯಾಗ ಬರತೈತಿ. ನನ್ನ ಹಕ್ಕಿ ಎಷ್ಟು ಬಂದ್ವು ಅಂತ ಯಾರರ ಬರೀಬೇಕಲ್ರಿ?" ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಮೋಟೆಬೆನ್ನೂರು ಕ್ರಾಸಿನಲ್ಲಿ ಹೆದ್ದಾರಿ ದಾಟುವಾಗ ಅವಳ ಸ್ಕೂಟರಿಗೆ ಲಾರಿ ತಾಗಿತು. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಒಂದು ವರ್ಷ ಹಾಸಿಗೆ. ಆಮೇಲೆ ವಾರಕ್ಕೆರಡು ಸಲ ರಾಣೇಬೆನ್ನೂರಿಗೆ, ವ್ಯಾಯಾಮ ಕಲಿಸುವ ವೈದ್ಯರ ಹತ್ತಿರ. ಹಾಸಿಗೆಯಿಂದ ಕುರ್ಚಿಗೆ ತಾನೇ ಸರಿದು ಕೂಡಲು ಕಲಿತ ದಿನ ಅವಳು ಅತ್ತಳು, ನಾನೂ ಅತ್ತೆ. "ಇನ್ ಮ್ಯಾಲ ಮನ್ಯಾಗ ಕುಂದ್ರಿಸಬ್ಯಾಡ್ರಿ. ಬಯಲಿಗೆ ಕರ್ಕೊಂಡ್ ಹೋಗ್ರಿ, ಗಿಡಾ ಮರಾ ನೋಡ್ಲಿ" ಎಂದರು ವೈದ್ಯರು. ಅವಳು ಕೂಡಲೇ ಹೇಳಿದ್ದು ಒಂದೇ ಜಾಗ. ನೋಟ್‌ಬುಕ್ಕಿನಲ್ಲಿ ಎರಡು ಚಳಿಗಾಲ ಖಾಲಿ ಬಿದ್ದಿದ್ದವು. ಮೂರನೆಯದು ಖಾಲಿ ಬೀಳಬಾರದು ಎಂಬುದು ಅವಳ ಹಟ.

ಆ ಎರಡು ವರ್ಷ ನಾನೇ ಹೋಗಿ ನೋಡಿ ಬರಬಹುದಿತ್ತಲ್ಲ ಎನ್ನುತ್ತೀರಾ? ಹೋಗಿದ್ದೆ. ಬಂದು "ಬಾತುಕೋಳಿ ಅದಾವ ನೋಡ, ಒಂದ್ ನೂರು ಇರಬೇಕು" ಎಂದು ವರದಿ ಒಪ್ಪಿಸಿದೆ. "ಹೆಂಗದಾವು?" ಎಂದಳು. "ಕರ್ರಗ ಅದಾವು, ಹಣಿ ಮ್ಯಾಲ ಬಿಳಿ ನಾಮ ಬಳದಂಗ ಐತಿ" ಎಂದೆ. ಹಾಸಿಗೆಯಲ್ಲಿ ಮಲಗಿದಲ್ಲೇ ನಕ್ಕಳು. "ಅವು ನಾಮದಕೋಳಿ ರೀ. ವರ್ಷಪೂರ್ತಿ ಇಲ್ಲೇ ಇರ್ತಾವು." ಇನ್ನೊಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬಂದೆ. ಅದರಲ್ಲಿ ನೀರು ಕಾಣುತ್ತಿತ್ತು, ಅರ್ಧ ನನ್ನ ಹೆಬ್ಬೆರಳು ಕಾಣುತ್ತಿತ್ತು. ಇನ್ನೊಬ್ಬರ ಕಣ್ಣಿಂದ ಕೆರೆ ನೋಡಲು ಬರುವುದಿಲ್ಲ, ಸ್ವಾಮಿ. ಗಂಡನ ಕಣ್ಣಾದರೂ ಅಷ್ಟೇ.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ, ಹೆಬ್ಬಾತು ಬಂದಿವೆ ಎಂದು ಯಾರೋ ಹೇಳಿದ ದಿನ, ಶೈಲಾ ಹಸಿರು ಸೀರೆ ಉಟ್ಟು, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ತಯಾರಾದಳು. ನಾನು ಕುರ್ಚಿ ತಳ್ಳಿಕೊಂಡು ನಿಮ್ಮ ಗೇಟಿಗೆ ಬಂದೆ. ಗೋಡೆಯ ಮೇಲೆ 'ಸರ್ವರಿಗೂ ಆದರದ ಸ್ವಾಗತ' ಎಂದು ಬರೆಸಿದ್ದೀರಿ. ಪಕ್ಕದಲ್ಲಿ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ. ಅದರ ಕೆಳಗೇ ಕಂಬಿ. ಕುರ್ಚಿಯ ಎರಡೂ ಗಾಲಿ ಕಂಬಿಗೆ ಬಡಿದು ನಿಂತವು. ಸ್ವಲ್ಪ ಓರೆ ಮಾಡಿದೆ, ಆಗಲಿಲ್ಲ. ಹಿಂದೆ ತಿರುಗಿಸಿ ತಳ್ಳಿದೆ, ಅವಳ ಮೊಣಕೈ ತರಚಿತು.

ಕಾವಲುಗಾರ ಮುಜಾಫರ ಓಡಿ ಬಂದ. ನಾನು ಅವನ ಮೇಲೆ ಹರಿಹಾಯ್ದೆ. ಯಾವ ತಲೆಕೆಟ್ಟವನು ಈ ಕಂಬಿ ನೆಟ್ಟಿದ್ದು, ಮನುಷ್ಯರು ಬರುವ ದಾರಿಯೋ ಇಲಿ ಬರುವ ದಾರಿಯೋ ಎಂದು ಕೂಗಾಡಿದೆ. ಅವನು ಒಮ್ಮೆ ಕಂಬಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಎದುರಿನ ಚಹಾ ಅಂಗಡಿಯಿಂದ ನಾಲ್ಕು ಮಂದಿ ಎದ್ದು ಬಂದರು. ಎಲ್ಲ ಪೇಟೆಯವರೇ, ನನ್ನ ಗುರುತಿನವರು.

"ಸಾವಕಾರ್ರ, ಅದಕ್ಯಾಕ ಸಿಟ್ಟು? ಬಾಯಾರನ್ನ ಎತ್ಕೊಂಡು ಒಳಗ ಇಡ್ತೀವಿ. ಒಂದ್ ನಿಮಿಷದ ಕೆಲಸ ಐತಿ."

ಶೈಲಾ ಎರಡೂ ಕೈಯಿಂದ ಕುರ್ಚಿಯ ಹಿಡಿಕೆ ಹಿಡಿದುಕೊಂಡಳು. "ಬ್ಯಾಡ್ರಿ ಅಣ್ಣಾರ. ನಿಮ್ಮ ಮನಸು ದೊಡ್ಡದು. ಆದ್ರ ನಾ ಮೆಣಸಿನಕಾಯಿ ಚೀಲ ಅಲ್ಲ."

ನನಗೆ ಅವಳ ಮೇಲೂ ಸಿಟ್ಟು ಬಂತು. "ಒಂದ್ ಸಲ ಎತ್ತಿಸ್ಕೊಂಡ್ರ ಏನಾಕ್ಕೈತಿ ನಿನಗ?" ಎಂದೆ.

"ಒಂದ್ ಸಲಕ್ಕಲ್ಲ ನಾ ಬಂದಿದ್ದು. ದಿನಾ ಬರಬೇಕಂತ ಬಂದೇನಿ. ದಿನಾ ನಾಕ್ ಮಂದಿ ಗಂಡಸ್ರು ನನ್ನ ಎತ್ತಾಕ ನಿಂತಿರ್ತಾರೇನು? ಬರೂವಾಗ ಎತ್ತಿದ್ರು, ಹೊಳ್ಳಿ ಹೋಗೂವಾಗ ಅವರ ಹಾದಿ ಕಾಯ್ಲ್ಯಾ? ನಡೀರಿ ಮನೀಗೆ."

ಕುರ್ಚಿ ತಿರುಗಿಸಿ ಮನೆಯ ಹಾದಿ ಹಿಡಿದೆ. ಅವಳ ಮಾತಿಗೆ ನಿಮ್ಮಲ್ಲಿ ಉತ್ತರವಿದೆಯೇ? ಎತ್ತಿಕೊಂಡು ಹೋಗುವವರು ಒಳ್ಳೆಯವರು, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಐವತ್ತಮೂರು ವರ್ಷದ ಶಾಲೆ ಮಾಸ್ತರಿಣಿ ಒಂದು ಕೆರೆ ನೋಡಬೇಕಾದರೆ ಪರಗಂಡಸರ ತೋಳಿನಲ್ಲಿ ಜೋತಾಡುತ್ತ, ಸೀರೆ ಸರಿಮಾಡಿಕೊಳ್ಳುತ್ತ, ತಾನು ಕಲಿಸಿದ ಮಕ್ಕಳ ಕಣ್ಣೆದುರೇ ಹೋಗಬೇಕೇ? ನಮ್ಮ ನಿಮ್ಮ ಹಾಗೆ ಮನಸ್ಸು ಬಂದಾಗ ಎದ್ದು ಹೋಗಿ, ಬೇಸರವಾದಾಗ ಎದ್ದು ಬರುವುದು ಅವಳಿಗೆ ಬೇಡವೇ?

ಇನ್ನು ನಿಮ್ಮ ರ‍್ಯಾಂಪಿನ ವಿಷಯ. ಕಂಬಿ ದಾಟಿ ಹನ್ನೆರಡು ಹೆಜ್ಜೆ ನಡೆದರೆ ಕೆರೆಯ ದಂಡೆಗೆ ಏರುವ ಇಳಿಜಾರು ದಾರಿ ಕಟ್ಟಿಸಿದ್ದೀರಿ. ಅಚ್ಚುಕಟ್ಟಾದ ದಾರಿ, ಎರಡೂ ಕಡೆ ಹಿಡಿಕೆ, ಕಾಲು ಜಾರದಂಥ ಕಲ್ಲು. ಕಳೆದ ವರ್ಷ ನೀವೇ ಬಂದು ಟೇಪು ಕತ್ತರಿಸಿದಿರಿ. ಪೇಪರಿನಲ್ಲಿ ಫೋಟೊ ಬಂದಿತ್ತು, ಶೈಲಾ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಗಾಲಿಕುರ್ಚಿಯಲ್ಲಿ ಒಬ್ಬರು ಕೂತಿದ್ದಾರೆ, ನೀವು ಹಿಂದಿನಿಂದ ತಳ್ಳುತ್ತಿದ್ದೀರಿ, ಇಬ್ಬರೂ ನಗುತ್ತಿದ್ದೀರಿ. ಆ ಕುರ್ಚಿ ಒಳಗೆ ಬಂದದ್ದು ಹೇಗೆ ಎಂದು ಮುಜಾಫರನನ್ನು ಕೇಳಿದೆ. "ಮಡಚಿ ಸಂದ್ಯಾಗಿಂದ ತಂದ್ವಿರೀ. ಒಳಗ ಬಿಡಿಸಿ ಆಫೀಸಿನ ಜವಾನನ್ನ ಕುಂದ್ರಿಸಿದ್ರು. ಫೋಟೊ ಆದಮ್ಯಾಲ ಅಂವ ಎದ್ದು ಚಹಾ ತರಾಕ ಹ್ವಾದ." ಮಾನ್ಯರೇ, ಕುರ್ಚಿಯನ್ನು ಮಡಚಬಹುದು ಎಂಬುದು ನನಗೂ ಗೊತ್ತು. ಅದರಲ್ಲಿ ಕೂತವಳನ್ನು ಮಡಚುವ ಬಗೆ ನಿಮ್ಮ ಇಲಾಖೆಯಲ್ಲಿ ಯಾರಿಗಾದರೂ ತಿಳಿದಿದ್ದರೆ ಹೇಳಿಕಳಿಸಿ. ಆ ಜವಾನರಿಗೆ ಎರಡು ಕಾಲೂ ಗಟ್ಟಿಯಾಗಿವೆ ಎಂದು ಕೇಳಿ ಸಂತೋಷವಾಯಿತು. ಆ ರ‍್ಯಾಂಪನ್ನು ಕುರ್ಚಿಯಲ್ಲಿ ಕೂತು ಏರಿದವರು ಈವರೆಗೆ ಅವರೊಬ್ಬರೇ.

ನಿಮ್ಮನ್ನು ಮೊದಲ ಸಲ ಕಂಡಾಗ ನೀವು ಕೇಳಿದ್ದು ನೆನಪಿದೆಯೇ? "ಅಂಥವರು ಎಷ್ಟು ಮಂದಿ ಬರ್ತಾರ್ರೀ? ನಾನಂತೂ ಒಬ್ಬರನ್ನೂ ನೋಡಿಲ್ಲ." ಬಾಗಿಲಿಗೆ ಕಂಬಿ ಹಾಕಿ, ಒಳಗೆ ನಿಂತು, ಯಾರೂ ಬರುವುದಿಲ್ಲ ಎಂದು ಎಣಿಸುವ ಲೆಕ್ಕ ಯಾವ ಶಾಲೆಯದು? ಬಾವಿಗೆ ಮುಚ್ಚಳ ಹಾಕಿ, ಊರಿನಲ್ಲಿ ಯಾರಿಗೂ ನೀರಡಿಕೆ ಇಲ್ಲ ಎಂದು ವರದಿ ಬರೆಯುತ್ತೀರಾ? ಅಂದು ಇದನ್ನು ನಿಮ್ಮೆದುರು ಕೇಳಬೇಕೆಂದಿದ್ದೆ. ಕೇಳದೆ ಎದ್ದು ಬಂದೆ. ಯಾಕೆ ಎದ್ದು ಬಂದೆ ಎಂಬುದನ್ನು ಈಗ ಹೇಳಲೇಬೇಕು. ಹೇಳದಿದ್ದರೆ ಶೈಲಾ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಜನವರಿಯಲ್ಲಿ ಅವಳು ತಾನೇ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದಳು. ಕೇಳಿದ್ದು ಒಂದೇ ಪ್ರಶ್ನೆ: ಸದರಿ ಕಂಬಿಯನ್ನು ಯಾರ ಕೋರಿಕೆಯ ಮೇರೆಗೆ ಅಳವಡಿಸಲಾಗಿದೆ? ನಾನು ಬೇಡವೆಂದೆ. ಅದರಿಂದ ಏನೂ ಗಿಟ್ಟುವುದಿಲ್ಲ ಎಂದೆ, ಕಚೇರಿಯವರು ಸಿಟ್ಟಾಗುತ್ತಾರೆ ಎಂದೆ, ಅಂಚೆಗೆ ಹಾಕುತ್ತೇನೆಂದು ಆ ಲಕೋಟೆಯನ್ನು ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಾಡಿದೆ. ನಾಲ್ಕನೇ ದಿನ ಅವಳು ಬೇರೆ ಬರೆದು ಪೋಸ್ಟ್‌ಮನ್ನನ ಕೈಗೇ ಕೊಟ್ಟಳು. ಕಡತ ನೋಡಲು ಬನ್ನಿ ಎಂದು ಹಾವೇರಿಯಿಂದ ಕಾಗದ ಬಂತು.

ನಿಮ್ಮ ಕಚೇರಿ ಮೊದಲ ಮಹಡಿಯಲ್ಲಿದೆ. ಅಲ್ಲಿಗೆ ಹೋಗಲು ಇಪ್ಪತ್ತೆರಡು ಮೆಟ್ಟಿಲು. ಶೈಲಾಳನ್ನು ಆವರಣದ ಬೇವಿನ ಮರದ ಕೆಳಗೆ ನಿಲ್ಲಿಸಿ ನಾನು ಮೇಲೆ ಹೋದೆ. "ಅರ್ಜಿದಾರರು ನೀವಲ್ಲ, ಅವರು. ಅವರಿಗೇ ತೋರಿಸಬೇಕು" ಎಂದರು ಗುಮಾಸ್ತೆ ದೀಪಾಲಿ. ಎಳೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿರಬೇಕು. ನಾನು "ಕೊಡ್ರಿ, ನಾನ ತೋರಿಸ್ತೇನಿ" ಎಂದು ಕಡತಕ್ಕೆ ಕೈಹಾಕಿದೆ. ಕೊಡಲಿಲ್ಲ. ಕಡತ ಎದೆಗವಚಿಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದು, ಬೇವಿನ ಮರದ ಬುಡಕ್ಕೆ ಬಂದು, ಶೈಲಾಳ ಎದುರು ಕುಕ್ಕರಗಾಲಲ್ಲಿ ಕೂತು ಹಾಳೆ ತೆರೆದರು. ನಿಮ್ಮ ಇಡೀ ಕಚೇರಿಯಲ್ಲಿ ನನ್ನ ಹೆಂಡತಿ ಕೂತ ಎತ್ತರಕ್ಕೆ ಇಳಿದು ಮಾತಾಡಿದವರು ಅವರೊಬ್ಬರೇ. ಅವರಿಗೆ ತೊಂದರೆ ಕೊಡಬೇಡಿ.

"ಇಲ್ಲೇ ಐತಿ ನೋಡ್ರಿ ಟೀಚರ್. ವಾಯುವಿಹಾರಿಗಳ ಸಂಘದ ಮನವಿ. ಐದು ವರ್ಷದ ಹಿಂದಿಂದು."

ಶೈಲಾ ಓದಲಿಲ್ಲ. ಓದುವುದು ಬೇಕಾಗಿರಲಿಲ್ಲ. ಅಕ್ಷರ ನೋಡಿದಳು. ದುಂಡಗಿನ, ಒಂದೇ ಒಂದು ಕಾಟು ಇಲ್ಲದ, ಶಾಲೆಯ ಕರಿಹಲಗೆಯ ಮೇಲಿನಂಥ ಅಕ್ಷರ. ಅವಳದೇ. ಕೆಳಗೆ ಸಹಿ ನನ್ನದು: ಅಧ್ಯಕ್ಷರು, ವಾಯುವಿಹಾರಿಗಳ ಸಂಘ.

ಹೌದು ಮಾನ್ಯರೇ. ಆ ಕಂಬಿ ಹಾಕಿಸಿದ್ದು ನಾನು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ದಿನಾ ನುಸುಳಿ ನುಸುಳಿ ಕಂಬಿ ನನ್ನ ಕಣ್ಣಿಗೇ ಬೀಳದಂತಾಗಿತ್ತು, ಡಿಸೆಂಬರಿನ ಆ ಸಂಜೆ ಗಾಲಿ ಬಡಿದ ಸದ್ದಿಗೇ ಎಲ್ಲ ನೆನಪಾಗಿತ್ತು. ಅದಕ್ಕೇ ಅಷ್ಟು ಜೋರಾಗಿ ಕೂಗಾಡಿದ್ದು.

ನಡೆದದ್ದು ಇಷ್ಟು. ಉದ್ಯಾನ ಹೊಸದಾಗಿ ಆದಾಗ ಒಳಗೆ ಅಗಲವಾದ, ನುಣುಪಾದ ಸಿಮೆಂಟ್ ದಾರಿ ಹಾಕಿಸಿದಿರಿ. ನಮ್ಮ ಊರಿನಲ್ಲಿ ಬಿಸಿಲು ಬೀಳುವ ಸಪಾಟು ನೆಲ ಕಂಡರೆ ಏನಾಗುತ್ತದೆ ಎಂದು ಬೇರೆ ಊರಿನವರಾದ ನಿಮಗೆ ಗೊತ್ತಿರಲಿಕ್ಕಿಲ್ಲ. ಮೆಣಸಿನಕಾಯಿ ಬೀಳುತ್ತದೆ. ಮನೆಯ ಮಾಳಿಗೆ, ಶಾಲೆಯ ಬಯಲು, ಗುಡಿಯ ಕಟ್ಟೆ, ರಸ್ತೆಯ ಅಂಚು, ಎಲ್ಲವೂ ಸುಗ್ಗಿಯಲ್ಲಿ ಕೆಂಪಾಗುತ್ತವೆ. ಕೆರೆಯ ಹತ್ತಿರದ ಓಣಿಯ ಚಮನಬಿ ಎಂಬ ಹೆಂಗಸು ಅಂಗಡಿಗಳಿಂದ ಮೆಣಸಿನಕಾಯಿ ತಂದು ತೊಟ್ಟು ಬಿಡಿಸಿ ಕೊಡುವವಳು. ಹಸಿ ತಾಕಿದ ಕಾಯಿಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದು ಆ ಸಿಮೆಂಟ್ ದಾರಿಯ ಮೇಲೆ ಹರವಿದಳು. ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ನಡೆಯಲು ಬಂದ ನಾವು ಏಳೆಂಟು ಮಂದಿ ಸೀನಿದೆವು. ಎಲ್ಲರಿಗಿಂತ ಜೋರಾಗಿ ಸೀನಿದವನು ನಾನು, ದಿನವಿಡೀ ಅದೇ ಘಾಟಿನಲ್ಲಿ ಕೂತು ಅದೇ ಘಾಟಿನಿಂದ ಹೊಟ್ಟೆ ಹೊರೆಯುವವನು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ದಿನ ಅವಳು ಹರವಿದ್ದ ಕಾಯಿ ನಮ್ಮ ಅಂಗಡಿಯದೇ.

ಅಂದು ಮನೆಗೆ ಬಂದು ಶೈಲಾಳನ್ನು ಕೂಡಿಸಿಕೊಂಡು ಮನವಿ ಬರೆಸಿದೆ. 'ಉದ್ಯಾನದ ಸೌಂದರ್ಯ ಮತ್ತು ನಾಗರಿಕರ ಆರೋಗ್ಯದ ದೃಷ್ಟಿಯಿಂದ, ಗಾಲಿಯಿರುವ ಯಾವುದೇ ಸಾಧನ ಒಳಗೆ ಬಾರದಂತೆ ದ್ವಾರದಲ್ಲಿ ಸೂಕ್ತ ತಡೆ ನಿರ್ಮಿಸಬೇಕೆಂದು' ನಾನು ಹೇಳಿದೆ, ಅವಳು ಬರೆದಳು, ನಾನು ಹೇಳಿ ಬರೆಸುತ್ತಿದ್ದ ಎಷ್ಟೋ ಅರ್ಜಿಗಳಂತೆ ಇದನ್ನೂ ಆಮೇಲೆ ಮರೆತಳು. 'ಗಾಲಿಯಿರುವ ಯಾವುದೇ ಸಾಧನ' ಎಂಬ ಮಾತು ಗಂಭೀರವಾಗಿದೆ ಎಂದು ನಾನೇ ಮೆಚ್ಚಿಕೊಂಡಿದ್ದೆ. ಆಗ ನಮ್ಮ ಮನೆಯಲ್ಲಿ ಗಾಲಿಯಿದ್ದದ್ದು ಅವಳ ಸ್ಕೂಟರಿಗೆ ಮತ್ತು ನನ್ನ ಕಾರಿಗೆ.

ಇಷ್ಟು ವರ್ಷದಲ್ಲಿ ನಾನು ಸರಕಾರಕ್ಕೆ ಬರೆದ ಅರ್ಜಿಗಳು ಹತ್ತಾರು. ಓಣಿಯ ಗಟಾರಕ್ಕೆ ಬರೆದೆ, ಬೀದಿ ದೀಪಕ್ಕೆ ಬರೆದೆ, ಶಾಲೆಯ ಸೋರುವ ಛಾವಣಿಗೆ ಬರೆದೆ. ಒಂದಕ್ಕೂ ಉತ್ತರವಿಲ್ಲ. ಈ ಒಂದಕ್ಕೆ ಮಾತ್ರ ಎಂಟೇ ದಿನದಲ್ಲಿ ಕಂಬಿ ಬಂತು, ಬಣ್ಣವೂ ಬಿತ್ತು. ಒಳಗೆ ಬಿಡಿ ಎಂದು ಕೇಳಿದರೆ ಅನುದಾನವಿಲ್ಲ, ನಕ್ಷೆ ಬೇಕು, ಮೇಲಿನವರ ಒಪ್ಪಿಗೆ ಬೇಕು. ಹೊರಗಿಡಿ ಎಂದು ಕೇಳಿದರೆ ಎಂಟು ದಿನ. ಇದೇನು ನಿಮ್ಮ ಇಲಾಖೆಯ ರಿವಾಜೇ? ನಾನು ದಡ್ಡತನದಿಂದ ಕೇಳಿದೆ, ಸರಿ. ಕೇಳಿದವನು ದಲಾಲಿ, ಓದಿದ್ದು ಪಿಯುಸಿ. ಕೊಟ್ಟವರು ನೀವು. ಈ ಸಂದಿಯಲ್ಲಿ ಊರುಗೋಲಿನವರು, ಗಾಲಿಕುರ್ಚಿಯವರು, ಕೈಗೂಸಿನ ಗಾಡಿ ತಳ್ಳುವ ತಾಯಂದಿರು ಹೇಗೆ ಹೋಗುತ್ತಾರೆ ಎಂದು ಕೇಳುವುದಕ್ಕೇ ಅಲ್ಲವೇ ನಿಮ್ಮನ್ನು ಆ ಕುರ್ಚಿಯಲ್ಲಿ ಕೂಡಿಸಿದ್ದು? ಅಂಗವಿಕಲರ ಹಕ್ಕಿನ ಕಾಯ್ದೆಯ ಪ್ರತಿ ನಿಮ್ಮ ಕಪಾಟಿನಲ್ಲಿ ಇಲ್ಲವೇ? ರ‍್ಯಾಂಪ್ ಕಟ್ಟಿದ ಎಂಜಿನಿಯರರು ಪ್ರತಿ ದಿನ ಆ ಕಂಬಿಯನ್ನು ನುಸುಳಿಯೇ ಅಲ್ಲವೇ ಕೆಲಸಕ್ಕೆ ಹೋದದ್ದು?

ಹಾವೇರಿಯಿಂದ ಕಾರಿನಲ್ಲಿ ವಾಪಸು ಹೊರಟೆವು. ಮೋಟೆಬೆನ್ನೂರು ದಾಟಿದ ಮೇಲೆ ಶೈಲಾ ಕೇಳಿದಳು, "ಎರಡು ತಿಂಗಳು ಆ ಮುಜಾಫರಗ ಬೈದ್ರಲ್ಲ, ಅಂವಗ ಗೊತ್ತಿತ್ತೇನು?"

"ಗೊತ್ತಿತ್ತು. ಕಂಬಿ ನೆಡೂವಾಗ ಅಂವ ಬಾಜೂಕ ನಿಂತಿದ್ದ."

"ನನಗ ಯಾಕ ಹೇಳ್ಲಿಲ್ಲ ನೀವು?"

"ನಾಚಿಕಿ ಬಂತು."

"ನಿಮಗ ನಾಚಿಕಿ ಬಂತಂತ ನಾ ಎರಡು ತಿಂಗಳು ಊರ ಮಂದೀಗೆಲ್ಲ ಶಾಪ ಹಾಕಿದೆ. ಕಂಬಿ ಹಾಕಿಸಿದವರ ಮನ್ಯಾಗೂ ಒಬ್ಬರು ಹಿಂಗ ಕುಂದ್ರಬೇಕು ಅಂದಿದ್ದೆ ಒಂದ್ ದಿನ. ನೀವು ಊಟ ಮಾಡಾಕತ್ತಿದ್ರಿ. ಸುಮ್ಮನ ಊಟ ಮಾಡಿದ್ರಿ."

ಕಾರು ಬದಿಗೆ ನಿಲ್ಲಿಸಿ ಅತ್ತೆ. ಅವಳು ಅಳಲಿಲ್ಲ. "ಕಣ್ಣ ಒರಸ್ಕೊಂಡು ಗಾಡಿ ಹೊಡೀರಿ" ಎಂದಳು.

ಮರುದಿನ ಮುಜಾಫರನ ಕ್ಷಮೆ ಕೇಳಲು ಗೇಟಿಗೆ ಹೋದೆ. ಅವನು ನಕ್ಕು, "ಹೋಗ್ಲಿ ಬಿಡ್ರಿ" ಎಂದ. ಅಲ್ಲೇ ಗೋಡೆಯ ಪಕ್ಕ ಅಬ್ದುಲಗನಿ ತನ್ನ ಮೂರು ಗಾಲಿಯ ಸೈಕಲ್ ನಿಲ್ಲಿಸಿಕೊಂಡು ಕೂತಿದ್ದ. ಇವನು ಪೇಟೆಯಲ್ಲಿ ಹಮಾಲಿ ಮಾಡಿದವನು. ನಮ್ಮ ಅಂಗಡಿಯ ಚೀಲಗಳನ್ನೂ ವರ್ಷಗಟ್ಟಲೆ ಹೊತ್ತಿದ್ದಾನೆ. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದರು. ಪ್ರತಿ ದಿನ ನಾನು ಕಂಬಿ ನುಸುಳಿ ಒಳಗೆ ಹೋಗುವಾಗ ಅವನು ಅಲ್ಲಿರುತ್ತಿದ್ದ, ಹೊರಗೆ ಬರುವಾಗಲೂ ಅಲ್ಲಿರುತ್ತಿದ್ದ. ಎದುರಿನ ಅಂಗಡಿಯ ಚಹಾ ಅವನಿಗೆ ಸೇರುತ್ತದೆ ಎಂದುಕೊಂಡಿದ್ದೆ. ಐದು ವರ್ಷ ಹಾಗೇ ಅಂದುಕೊಂಡಿದ್ದೆ.

"ಗನೀಸಾಬ್, ನೀ ದಿನಾ ಇಲ್ಲೇ ಯಾಕ ಕುಂದರ್ತಿ?" ಎಂದೆ.

"ಇಲ್ಲಿ ಮಟ ಕೆರಿ ಗಾಳಿ ಬರತೈತ್ರೀ ಸಾವಕಾರ್ರ. ಇದರಾಚಿ ಗಾಡಿ ಹೋಗಂಗಿಲ್ಲಲ್ಲ."

"ಒಂದ್ ದಿನಾನೂ ನನ್ನ ಮುಂದ ಹೇಳ್ಲಿಲ್ಲಲ್ಲೋ ಮಾರಾಯ?"

"ಹೆಂಗ ಹೇಳ್ಲಿರಿ? ಕಂಬಿ ನೀವ ಹಾಕ್ಸೀರಿ. ನಮ್ಮ ಸಾವಕಾರ್ರು ಅದರಾಗ ಏನರ ವಿಚಾರ ಮಾಡಿರ್ತಾರ ಅಂದ್ಕೊಂಡೆ."

ಎಷ್ಟು ಮಂದಿ ಬರುತ್ತಾರೆ ಎಂದು ಕೇಳಿದಿರಲ್ಲ, ಮಾನ್ಯರೇ? ಒಬ್ಬನಂತೂ ಐದು ವರ್ಷದಿಂದ ದಿನವೂ ಬರುತ್ತಿದ್ದಾನೆ. ನಿಮ್ಮ ಸ್ವಾಗತದ ಫಲಕದ ಕೆಳಗೇ ಕೂತಿದ್ದಾನೆ. ಟೇಪು ಕತ್ತರಿಸಲು ಬಂದ ದಿನವೂ ಇದ್ದನಂತೆ. ಫೋಟೊಕ್ಕೆ ಅಡ್ಡ ಬರುತ್ತದೆ ಎಂದು ನಿಮ್ಮವರೇ ಅವನ ಸೈಕಲನ್ನು ಆಚೆ ಸರಿಸಿದರಂತೆ.

ಈಗ ನಿಮ್ಮ ಉತ್ತರಕ್ಕೆ ಬರೋಣ. ಮೊನ್ನೆ ಕೈಸೇರಿತು. 'ಸದರಿ ತಡೆಯನ್ನು ಸಾರ್ವಜನಿಕರ ಮನವಿಯ ಮೇರೆಗೆ ಅಳವಡಿಸಲಾಗಿದ್ದು, ತೆರವುಗೊಳಿಸಿದಲ್ಲಿ ಕೈಗಾಡಿಗಳು ಪ್ರವೇಶಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಬರುವ ಸಂಭವವಿರುತ್ತದೆ. ಆದಾಗ್ಯೂ ಮಾನವೀಯ ನೆಲೆಯಲ್ಲಿ, ಅರ್ಜಿದಾರರು ಭೇಟಿಗೆ ಮೂರು ದಿನ ಮುಂಚಿತವಾಗಿ ಲಿಖಿತವಾಗಿ ತಿಳಿಸಿದಲ್ಲಿ, ಅವರನ್ನು ಎತ್ತಿ ಒಳಗೆ ಬಿಡಲು ಇಬ್ಬರು ಸಿಬ್ಬಂದಿಯನ್ನು ನಿಯೋಜಿಸಲಾಗುವುದು.' ಎಂಥ ಮಾನವೀಯತೆ! ಮೂರು ದಿನ ಮುಂಚೆ ಹೆಬ್ಬಾತುಗಳಿಗೂ ಒಂದು ನೋಟೀಸು ಕಳಿಸುತ್ತೀರಾ, ಸದರಿ ದಿನಾಂಕದಂದು ಕೆರೆಯಲ್ಲಿ ಹಾಜರಿರತಕ್ಕದ್ದು ಎಂದು? ಸೂರ್ಯ ಮುಳುಗುವಾಗ ನೀರು ಕೆಂಪಾಗುವುದನ್ನು ನೋಡಬೇಕೆಂದು ನಿಮಗೆ ಅನಿಸಿದ ದಿನ ನೀವು ಯಾರಿಗೆ ಅರ್ಜಿ ಕೊಡುತ್ತೀರಿ?

ಸಾರ್ವಜನಿಕರ ಮನವಿ ಎಂದಿರಲ್ಲ, ಆ ಸಾರ್ವಜನಿಕ ನಾನೇ. ಐದು ವರ್ಷದ ಹಿಂದಿನ ಆ ಮನವಿಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಅಂದು ನನ್ನ ಜೊತೆ ಸೀನಿದವರೆಲ್ಲರ ಮನೆಗೂ ಹೋಗಿ ಬಂದಿದ್ದೇನೆ. ಇಬ್ಬರಿಗೆ ಈಗ ಮೊಣಕಾಲು ಹಿಡಿದಿದೆ, ಒಬ್ಬರಿಗೆ ಪಾರ್ಶ್ವವಾಯು ಬಡಿದಿದೆ. ಆಕ್ಷೇಪಣೆ ಮಾಡುವ ಸ್ಥಿತಿಯಲ್ಲಿ ಯಾರೂ ಇಲ್ಲ. ಎಲ್ಲರೂ ಸಹಿ ಹಾಕಿದ ಕಾಗದವನ್ನು ಇದರ ಜೊತೆ ಲಗತ್ತಿಸಿದ್ದೇನೆ.

ಚಮನಬಿಯ ಮನೆಗೂ ಹೋಗಿದ್ದೆ. ಶೈಲಾಳೇ ಕಳಿಸಿದಳು. ಅವಳು ಈಗ ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಕಾಯಿ ಒಣಗಿಸುತ್ತಾಳೆ. "ಒಂದ್ ಕಣ್ಣು ಕಾಯಿ ಮ್ಯಾಲ, ಒಂದ್ ಕಣ್ಣು ಲಾರಿ ಮ್ಯಾಲ ಇಡಬೇಕ್ರಿ. ಹ್ವಾದ ವರ್ಷ ಒಂದ್ ಗಾಡಿ ನನ್ನ ಕಾಲ ಬಾಜೂಕ ಹಾದುಹೋತು" ಎಂದಳು. ಲಾರಿ ಏನು ಮಾಡುತ್ತದೆ ಎಂದು ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದು ಹೇಳಿದಾಗ ಶೈಲಾ ಹೇಳಿದ್ದು ಇಷ್ಟು: "ನನಗೊಬ್ಬಾಕಿಗೆ ಅಂತ ಕೇಳಬ್ಯಾಡ್ರಿ. ಕಂಬಿ ತಗದ್ರ ಕಾಯಿ ಗಾಡಿ ಬರ್ತಾವ ಅಂತ ಹೆದರ್ತಾರಲ್ಲ, ಬರ್ಲಿ. ಗೇಟಿನ ಒಳಗ ಬಲಕ್ಕ ಬಯಲು ಖಾಲಿ ಬಿದ್ದೈತಿ. ಅಲ್ಲೆ ಅವರಿಗೆ ಜಾಗಾ ಮಾಡಿ ಕೊಡ್ಲಿ. ಸೀನು ಬಂದ್ರ ಸೀನೋಣು."

ಹೀಗಾಗಿ ನನ್ನ ಬೇಡಿಕೆ ಸಣ್ಣದು. ಎರಡು ಕಂಬಿಗಳಲ್ಲಿ ಒಂದನ್ನು ಕಿತ್ತು ಮೂರಡಿ ಆಚೆ ನೆಡಿ. ಅರ್ಧ ದಿನದ ಕೆಲಸ, ವೆಲ್ಡಿಂಗ್‌ನವನನ್ನು ಬೇಕಾದರೆ ನಾನೇ ಕರೆತರುತ್ತೇನೆ. ಗೇಟಿನ ಬಲಗಡೆಯ ಬಯಲನ್ನು ಸುಗ್ಗಿಯ ಮೂರು ತಿಂಗಳು ಕಾಯಿ ಒಣಗಿಸಲು ಬಿಡಿ, ದಾರಿಯ ಮೇಲೆ ಬೇಡ ಎಂದು ಒಂದು ಗೆರೆ ಎಳೆಯಿರಿ, ಚಮನಬಿ ಗೆರೆ ದಾಟುವವಳಲ್ಲ. ಇಷ್ಟನ್ನೂ ಎಂಟು ದಿನದೊಳಗೆ ಮಾಡಿ. ಎಂಟು ದಿನದಲ್ಲಿ ನಿಮಗೆ ಆಗುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಇಂದು ಫೆಬ್ರುವರಿ ಇಪ್ಪತ್ತು. ಶೈಲಾಳ ನೋಟ್‌ಬುಕ್ಕಿನ ಪ್ರಕಾರ ಮಾರ್ಚ್ ಎರಡನೇ ವಾರಕ್ಕೆ ಹಕ್ಕಿಗಳು ಹೊರಡುತ್ತವೆ. ನಿಮ್ಮ ಆರ್ಥಿಕ ವರ್ಷ ಮುಗಿಯುವವರೆಗೆ ಅವು ಕಾಯುವುದಿಲ್ಲ.

ಈಗ ನಾವು ದಿನಾ ಸಂಜೆ ಗೇಟಿಗೆ ಹೋಗುತ್ತೇವೆ. ನಾನು ಒಳಗೆ ಹೋಗುವುದನ್ನು ಬಿಟ್ಟಿದ್ದೇನೆ. ಶೈಲಾಳ ಕುರ್ಚಿ, ಅಬ್ದುಲಗನಿಯ ಸೈಕಲ್, ಮುಜಾಫರ ತಂದುಕೊಟ್ಟ ಸ್ಟೂಲಿನ ಮೇಲೆ ನಾನು. ಮೂವರೂ ಗೋಡೆಗೆ ಮುಖ ಮಾಡಿ ಕೂತು ಚಹಾ ಕುಡಿಯುತ್ತೇವೆ. ಚಹಾ ಅಷ್ಟೇನೂ ಚೆನ್ನಾಗಿಲ್ಲ. ಹೊತ್ತು ಮುಳುಗುವಾಗ ಗೋಡೆಯ ಆಚೆ ಹೆಬ್ಬಾತುಗಳು ಒಮ್ಮೆಲೇ ಕೂಗುತ್ತವೆ. ಶೈಲಾ ಕೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿ ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ.

ನಿನ್ನೆ ಅವಳು ನೋಟ್‌ಬುಕ್ಕು ತೆರೆದು ಈ ವರ್ಷದ ಹಾಳೆಯಲ್ಲಿ ಮೊದಲ ಸಲ ಬರೆದಳು. ನಾನು ಬಗ್ಗಿ ನೋಡಿದೆ. 'ಬಂದಿವೆ. ಕೇಳಿಸಿತು. ನೋಡಿಲ್ಲ.' ಅದೇ ದುಂಡಗಿನ ಅಕ್ಷರ, ನಿಮ್ಮ ಕಡತದಲ್ಲಿ ಇರುವಂಥದೇ. ಈ ಪತ್ರವನ್ನೂ ಬರೆದುಕೊಡು ಎಂದು ಕೇಳಿದ್ದೆ. "ಈ ಸಲ ನಿಮ್ಮ ಕೈಲೇ ಬರೀರಿ" ಎಂದಳು. ಬರೆದಿದ್ದೇನೆ. ನೋಟ್‌ಬುಕ್ಕಿನ ಕೊನೆಯ ಆ ಒಂದು ಪದವನ್ನು ಅವಳು ಹೊಡೆದುಹಾಕುವಂತೆ ಮಾಡಿ. ಇನ್ನು ಮೂರು ವಾರ ಸಮಯವಿದೆ.

ಇಂತಿ,
ಇದೇ ಗೇಟಿನ ವಿಷಯವಾಗಿ ಹಿಂದೊಮ್ಮೆ ತಮಗೆ ಅರ್ಜಿ ಕೊಟ್ಟು, ಕೇಳಿದ್ದನ್ನೆಲ್ಲ ಪಡೆದ,
ಶಂಭುಲಿಂಗ
ಮೆಣಸಿನಕಾಯಿ ದಲಾಲರು, ಬ್ಯಾಡಗಿ
(ವಾಯುವಿಹಾರಿಗಳ ಸಂಘದ ಮಾಜಿ ಅಧ್ಯಕ್ಷ. ಸದ್ಯ ಗೇಟಿನ ಹೊರಗೆ ಸಿಗುತ್ತೇನೆ.)